ಪ್ವಾರೋ ಪುಸ್ತಕಗಳು: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಚ್ಚರ ತಪ್ಪಬಾರದು

ಮಳೆ ಹಿಡಿದುಕೊಳ್ಳುವ ಹೊತ್ತಿಗೆ ಸರಿಯಾಗಿ ಈ ಪ್ರಶ್ನೆ ಬರಲು ಶುರುವಾಗುತ್ತದೆ. ತೋಟಕ್ಕೆ ಔಷಧಿ ಹೊಡೆದು ಆಗಿದೆ, ನೆಟ್ಟಿಗೆ ಇನ್ನೂ ದಿನವಿದೆ, ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಮೊಬೈಲಿಗೆ ಟವರ್ ಇಲ್ಲ. ಆಗ ಎಲ್ಲರಿಗೂ ಪುಸ್ತಕದ ನೆನಪಾಗುತ್ತದೆ. "ಅಗಾಥಾ ಕ್ರಿಸ್ಟಿದು ಆ ಮೀಸೆ ಪತ್ತೇದಾರನ ಪುಸ್ತಕಗಳಿದ್ಯಲ್ಲ, ಓದಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡ್ಲಿ?" ಸಾಗರದಿಂದ ಒಬ್ಬರು ಕೇಳುತ್ತಾರೆ, ತೀರ್ಥಹಳ್ಳಿಯಿಂದ ಇನ್ನೊಬ್ಬರು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಒಟ್ಟಿಗೆ ಬರೆದಿಡುತ್ತಿದ್ದೇನೆ.

ನನ್ನ ಪತ್ತೇದಾರಿ ಹುಚ್ಚು ಶುರುವಾಗಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ತಂದು, ಪಠ್ಯಪುಸ್ತಕದ ಒಳಗಿಟ್ಟು ಓದಿದವನು ನಾನು. ಅಲ್ಲಿಂದ ಕ್ರಿಸ್ಟಿಯ ಆ ಮೀಸೆ ಪತ್ತೇದಾರ ಪ್ವಾರೋಗೆ ಬಂದೆ, ಆಮೇಲೆ ಬಿಡಲಾಗಲಿಲ್ಲ. ಕೆಲವನ್ನು ನಾಲ್ಕನೇ ಸಲ ಓದುತ್ತಿದ್ದೇನೆ, ಕೊಲೆಗಾರ ಯಾರು ಅಂತ ಗೊತ್ತಿದ್ದೂ.

ಮೊದಲೇ ಒಂದು ಮಾತು. ಈ ಸರಣಿಯನ್ನು 1, 2, 3 ಅಂತ ಕ್ರಮವಾಗಿಯೇ ಓದಬೇಕಾಗಿಲ್ಲ. ಆದರೆ ಇದರಲ್ಲಿ ನಾಲ್ಕು ಗಂಟುಗಳಿವೆ. ಅವು ಗೊತ್ತಿಲ್ಲದೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡರೆ ಒಂದು ಪುಸ್ತಕ ಇನ್ನೊಂದರ ಗುಟ್ಟನ್ನು ಬಿಟ್ಟುಕೊಡುತ್ತದೆ. ಬೇರೆ ಯಾರೂ ಅಲ್ಲ, ಸ್ವತಃ ಬರೆದವರೇ ಬಿಟ್ಟುಕೊಟ್ಟಿದ್ದಾರೆ!

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಒಂದು ಟಾರ್ಚ್. ಜೊತೆಗೆ ಬಾಯಿಬಡುಕರಲ್ಲದ ಗೆಳೆಯರು.

ಹಂತ 1: ಮೊದಲು ಲೆಕ್ಕ ತಿಳಿದುಕೊಳ್ಳಿ

ಹರ್ಕ್ಯೂಲ್ ಪ್ವಾರೋ ಬರುವ ಕಾದಂಬರಿಗಳು 33. ಮೊದಲನೆಯದು 1920ರಲ್ಲಿ ಬಂತು, ಕೊನೆಯದು 1975ರಲ್ಲಿ. ಇವಲ್ಲದೆ ಐವತ್ತಕ್ಕೂ ಹೆಚ್ಚು ಸಣ್ಣಕಥೆಗಳಿವೆ. ಹೆಸರಿನ ಉಚ್ಚಾರ 'ಪ್ವಾರೋ'. ನಾನು ಕಾಲೇಜು ಮುಗಿಸುವ ತನಕ 'ಪಾಯಿರಾಟ್' ಅಂತಲೇ ಓದಿಕೊಂಡಿದ್ದೆ, ನೀವೂ ಹಾಗೇ ಓದಿಕೊಂಡಿದ್ದರೆ ನಾಚಿಕೊಳ್ಳಬೇಡಿ.

ಮನುಷ್ಯ ಬೆಲ್ಜಿಯಂನವನು. ಪೊಲೀಸ್ ಕೆಲಸದಿಂದ ನಿವೃತ್ತ. ಮೊದಲ ಮಹಾಯುದ್ಧದಲ್ಲಿ ನಿರಾಶ್ರಿತನಾಗಿ ಇಂಗ್ಲೆಂಡಿಗೆ ಬಂದವನು. ಕುಳ್ಳ, ಮೊಟ್ಟೆಯಾಕಾರದ ತಲೆ, ತೀಡಿದ ಮೀಸೆ, ಬಟ್ಟೆಯ ಮೇಲೆ ಒಂದು ಧೂಳಿನ ಕಣ ಇದ್ದರೂ ಚಡಪಡಿಕೆ. ಆಗುಂಬೆ ಕಡೆಯ ಕೆಸರಿನ ದಾರಿಯಲ್ಲಿ ಪಾಲಿಶ್ ಮಾಡಿದ ಶೂ ಹಾಕಿಕೊಂಡು ನಡೆಯುವವನನ್ನು ಕಲ್ಪಿಸಿಕೊಳ್ಳಿ, ಅವನೇ. ಜೊತೆಗೆ ಹೇಸ್ಟಿಂಗ್ಸ್ ಎಂಬ ಮುಗ್ಧ ಗೆಳೆಯನಿದ್ದಾನೆ. ಆದರೆ ಅವನು ಬರುವುದು ಎಂಟೇ ಕಾದಂಬರಿಗಳಲ್ಲಿ. ಟೀವಿ ಸರಣಿ ನೋಡಿದವರು ಅವನು ಎಲ್ಲ ಕಡೆ ಇರುತ್ತಾನೆ ಅಂದುಕೊಳ್ಳುತ್ತಾರೆ, ಇಲ್ಲ. ನಂತರದ ಪುಸ್ತಕಗಳಲ್ಲಿ ಅರಿಯಾಡ್ನಿ ಆಲಿವರ್ ಎಂಬ ಪತ್ತೇದಾರಿ ಲೇಖಕಿ ಬರುತ್ತಾಳೆ, ಸದಾ ಸೇಬು ತಿನ್ನುತ್ತಾ. ಕ್ರಿಸ್ಟಿ ತಮ್ಮನ್ನೇ ಗೇಲಿ ಮಾಡಿಕೊಳ್ಳಲು ಇವಳನ್ನು ಸೃಷ್ಟಿಸಿದ್ದು ಅಂತ ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಹಂತ 2: ರುಚಿ ನೋಡಲು ಒಂದೇ ಒಂದು

33 ಪುಸ್ತಕಗಳ ಸೆಟ್ಟು ಒಟ್ಟಿಗೆ ತರಿಸಬೇಡಿ. ಮೊದಲು ಒಂದು ಓದಿ, ಹಿಡಿಸಿದರೆ ಮುಂದೆ ಹೋಗಿ.

ನನ್ನ ಆಯ್ಕೆ 'ಪೆರಿಲ್ ಅಟ್ ಎಂಡ್ ಹೌಸ್', 1932ರದ್ದು. ಸಮುದ್ರದ ಪಕ್ಕ ಒಂದು ಹಳೇ ಮನೆ, ಅದರಲ್ಲಿ ಒಬ್ಬ ಹುಡುಗಿ, ಅವಳನ್ನು ಕೊಲ್ಲಲು ಯಾರೋ ಪದೇ ಪದೇ ನೋಡುತ್ತಿದ್ದಾರೆ. ಪುಟ ಕಡಿಮೆ, ಜನ ಕಡಿಮೆ, ಹೇಸ್ಟಿಂಗ್ಸ್ ಇದ್ದಾನೆ, ಸುಳಿವುಗಳು ಕಣ್ಣೆದುರೇ ಇವೆ.

ಮೊದಲ ಕಾದಂಬರಿ 'ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಇಂದಲೇ ಶುರು ಮಾಡಬಾರದಾ? ಮಾಡಬಹುದು. ಆದರೆ ಅದರಲ್ಲಿ ಮನೆಯ ನಕ್ಷೆ, ಉಯಿಲು, ಬೀಗ, ಕಾಫಿ ಲೋಟ ಅಂತ ಸಣ್ಣಪುಟ್ಟ ವಿವರ ಬಹಳ. ಹೊಸಬರು ನೂರನೇ ಪುಟದ ಹತ್ತಿರ ಮಡಚಿಟ್ಟುಬಿಡುತ್ತಾರೆ. ಅದನ್ನು ಎರಡನೆಯದಾಗಿ ಓದಿ. ನಮ್ಮ ಕಡೆಯವರಿಗೆ ಅದರಲ್ಲಿ ಒಂದು ವಿಶೇಷವೂ ಇದೆ: ಕೊಲೆಗೆ ಬಳಸಿದ ವಿಷ ಸ್ಟ್ರಿಕ್ನಿನ್, ಅಂದರೆ ನಮ್ಮ ಕಾಡಂಚಿನಲ್ಲಿ ಬೆಳೆಯುವ ಕಾಸರಕನ ಬೀಜದಲ್ಲಿರುವ ವಿಷ. ಕ್ರಿಸ್ಟಿ ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ವಿಷ ಎಷ್ಟು ಹೊತ್ತಿಗೆ ಏನು ಮಾಡುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.

ಹಂತ 3: ನಾಲ್ಕು ಗಂಟುಗಳು

ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.

ಒಂದನೇ ಗಂಟು. 'ಡಂಬ್ ವಿಟ್ನೆಸ್' (1937) ಓದುವ ಮೊದಲು ಈ ನಾಲ್ಕನ್ನು ಓದಿ ಮುಗಿಸಿರಬೇಕು: 'ಸ್ಟೈಲ್ಸ್', 'ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' (1926), 'ದ ಮಿಸ್ಟರಿ ಆಫ್ ದ ಬ್ಲೂ ಟ್ರೇನ್' (1928), 'ಡೆತ್ ಇನ್ ದ ಕ್ಲೌಡ್ಸ್' (1935). ಯಾಕೆಂದರೆ 'ಡಂಬ್ ವಿಟ್ನೆಸ್' ನಡುವೆ ಪ್ವಾರೋ ತನ್ನ ಹಳೇ ಕೇಸುಗಳನ್ನು ನೆನೆಸಿಕೊಳ್ಳುತ್ತಾ, ಸಂತೆಯಲ್ಲಿ ತರಕಾರಿ ಹೆಸರು ಹೇಳಿದಷ್ಟು ಸಲೀಸಾಗಿ, ನಾಲ್ಕೂ ಕೊಲೆಗಾರರ ಹೆಸರು ಹೇಳಿಬಿಡುತ್ತಾನೆ. ನನಗೆ ಆಗಿದ್ದೂ ಇದೇ. 'ಬ್ಲೂ ಟ್ರೇನ್' ಇನ್ನೂ ಓದಿರಲಿಲ್ಲ. ಆ ಸಾಲು ಕಣ್ಣಿಗೆ ಬಿದ್ದಾಗ ಪುಸ್ತಕವನ್ನು ಜಗಲಿಯಿಂದ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಹೊರಗೆ ಮಳೆ ಇತ್ತು ಅಂತ ಸುಮ್ನಾದೆ.

ಎರಡನೇ ಗಂಟು. 'ಮರ್ಡರ್ ಆನ್ ದ ಓರಿಯಂಟ್ ಎಕ್ಸ್‌ಪ್ರೆಸ್' (1934) ಮೊದಲು, 'ಕಾರ್ಡ್ಸ್ ಆನ್ ದ ಟೇಬಲ್' (1936) ಆಮೇಲೆ. ಎರಡನೆಯದರಲ್ಲಿ ಮೊದಲನೆಯದರ ಉತ್ತರ ಒಂದೇ ಸಾಲಿನಲ್ಲಿ ಹೊರಬೀಳುತ್ತದೆ. ಇದಕ್ಕೇ ಅಂಟಿಕೊಂಡ ಇನ್ನೊಂದು ವಿಷಯ: 'ದ ಎ.ಬಿ.ಸಿ. ಮರ್ಡರ್ಸ್' (1936) ಅನ್ನು 'ಕಾರ್ಡ್ಸ್'ಗಿಂತ ಮುಂಚೆ ಓದಿ. ಇದರಲ್ಲಿ ಗುಟ್ಟು ಕೆಡುವ ಭಯವಿಲ್ಲ, ಇದು ಬರೀ ಖುಷಿಗೆ. 'ಎ.ಬಿ.ಸಿ.'ಯ ಶುರುವಿನಲ್ಲಿ ಪ್ವಾರೋ ತನಗೆ ಎಂಥ ಕೇಸು ಸಿಕ್ಕಬೇಕು ಅಂತ ಹೇಸ್ಟಿಂಗ್ಸ್‌ಗೆ ಹೇಳುತ್ತಾನೆ: ನಾಲ್ಕು ಜನ ಇಸ್ಪೀಟು ಆಡುತ್ತಿರಬೇಕು, ಇನ್ನೊಬ್ಬ ಬೆಂಕಿ ಪಕ್ಕ ಕುರ್ಚಿಯಲ್ಲಿ ಕೂತಿರಬೇಕು, ಆಟ ಮುಗಿಯುವಷ್ಟರಲ್ಲಿ ಅವನು ಸತ್ತಿರಬೇಕು. ಅದೇ ವರ್ಷ ಅಂಥದೇ ಕೇಸು 'ಕಾರ್ಡ್ಸ್'ನಲ್ಲಿ ಅವನ ಕೈಗೆ ಬರುತ್ತದೆ. ಒಂದರ ಹಿಂದೆ ಒಂದು ಓದಿದವರಿಗೆ ಮಾತ್ರ ಆ ಮಜಾ.

ಮೂರನೇ ಗಂಟು 'ರೋಜರ್ ಆಕ್ರಾಯ್ಡ್'. ಇದು ತೀರಾ ಪ್ರಸಿದ್ಧ. ಪತ್ತೇದಾರಿ ಕಾದಂಬರಿಗಳ ಬಗ್ಗೆ ಯಾರು ಎಲ್ಲಿ ಬರೆದರೂ ಇದರ ಕೊನೆಯನ್ನು ಹೇಳದೆ ಬಿಡುವುದಿಲ್ಲ. ಹಾಗಾಗಿ ಬೇಗ ಓದಿ. ಆದರೆ ತೀರಾ ಮೊದಲನೆಯದಾಗಿ ಬೇಡ. ಎರಡು ಪ್ವಾರೋ ಆದ ಮೇಲೆ ಮೂರನೆಯದಾಗಿ ಓದಿದರೆ ಏಟು ಜೋರಾಗಿ ಬೀಳುತ್ತದೆ. ಯಾಕೆ ಅಂತ ಕೇಳಬೇಡಿ. ಕೊಂಡು ತಂದ ಮೇಲೆ ಅದರ ಬಗ್ಗೆ ಇಂಟರ್‌ನೆಟ್‌ನಲ್ಲಿ ಹುಡುಕಬೇಡಿ, ಬೆನ್ನುಡಿಯನ್ನೂ ಓದಬೇಡಿ.

ನಾಲ್ಕನೇ ಗಂಟು 'ಕರ್ಟನ್'. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಂದರೆ ಮೊದಲ ಎಂಟು ಪುಸ್ತಕಗಳಿಗೆ ನನ್ನ ಸಾಲು ಹೀಗೆ: ಪೆರಿಲ್, ಸ್ಟೈಲ್ಸ್, ಆಕ್ರಾಯ್ಡ್, ಓರಿಯಂಟ್ ಎಕ್ಸ್‌ಪ್ರೆಸ್, ಎ.ಬಿ.ಸಿ., ಕಾರ್ಡ್ಸ್, 'ಡೆತ್ ಆನ್ ದ ನೈಲ್' (1937), 'ಫೈವ್ ಲಿಟ್ಲ್ ಪಿಗ್ಸ್' (1942). 'ನೈಲ್'ನಲ್ಲಿ ಕೊಲೆ ಆಗುವುದೇ ತಡವಾಗಿ. ಅಲ್ಲಿತನಕ ಬರೀ ಪ್ರಯಾಣ, ಮದುವೆ, ಹೊಟ್ಟೆಕಿಚ್ಚು. ಬೇಜಾರಾಗಬೇಡಿ, ಬೇಕಾದ್ದೆಲ್ಲ ಅಲ್ಲೇ ಇದೆ. 'ಫೈವ್ ಲಿಟ್ಲ್ ಪಿಗ್ಸ್' ನನ್ನ ಮಟ್ಟಿಗೆ ಇಡೀ ಸರಣಿಯ ತಲೆಮಣಿ. ಹದಿನಾರು ವರ್ಷದ ಹಿಂದೆ ನಡೆದ ಕೊಲೆ, ಐದು ಜನರ ನೆನಪು, ಅಷ್ಟೇ. ಈಗ ಹೋಗಿ ಹುಡುಕಲು ಬೆರಳಚ್ಚಿಲ್ಲ, ಬೂದಿಯಿಲ್ಲ, ಒಬ್ಬೊಬ್ಬರೂ ತಮಗೆ ಕಂಡಂತೆ ಹೇಳುತ್ತಾರೆ.

ಹಂತ 4: ಪುಸ್ತಕ ಕೊಳ್ಳುವಾಗ

ಹೊಸದು ಕೊಂಡರೆ ತೊಂದರೆ ಕಡಿಮೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಈ ಮೂರನ್ನು ನೋಡಿ.

ಒಂದು, ಒಂದೇ ಪುಸ್ತಕಕ್ಕೆ ಎರಡು ಹೆಸರು. ಇಂಗ್ಲೆಂಡಿನಲ್ಲಿ ಒಂದು ಹೆಸರು, ಅಮೆರಿಕದಲ್ಲಿ ಇನ್ನೊಂದು. 'ಲಾರ್ಡ್ ಎಡ್ಜ್‌ವೇರ್ ಡೈಸ್' ಅಂದರೂ 'ಥರ್ಟೀನ್ ಅಟ್ ಡಿನ್ನರ್' ಅಂದರೂ ಒಂದೇ. 'ಡೆತ್ ಇನ್ ದ ಕ್ಲೌಡ್ಸ್', 'ಡೆತ್ ಇನ್ ದ ಏರ್' ಒಂದೇ. 'ಆಫ್ಟರ್ ದ ಫ್ಯೂನರಲ್', 'ಫ್ಯೂನರಲ್ಸ್ ಆರ್ ಫೇಟಲ್' ಒಂದೇ. 'ಫೈವ್ ಲಿಟ್ಲ್ ಪಿಗ್ಸ್' ಅಲ್ಲಿ 'ಮರ್ಡರ್ ಇನ್ ರೆಟ್ರೋಸ್ಪೆಕ್ಟ್'. ನಾನು ಶಿವಮೊಗ್ಗದಲ್ಲಿ ಹಳೇ ಪುಸ್ತಕದ ರಾಶಿಯಿಂದ 'ಥರ್ಟೀನ್' ಎತ್ತಿಕೊಂಡು, ಓದದ್ದೊಂದು ಸಿಕ್ಕಿತು ಅಂತ ಬಸ್ ಹತ್ತಿ, ಮಂಡಗದ್ದೆ ದಾಟುವಷ್ಟರಲ್ಲಿ ಇದು ಮನೆಯಲ್ಲಿರುವುದೇ ಅಂತ ಗೊತ್ತಾಗಿ ಪೆಚ್ಚಾಗಿದ್ದೇನೆ. ಹೆಸರು ಹೊಸದು ಅನಿಸಿದರೆ ಶೀರ್ಷಿಕೆ ಪುಟದ ಹಿಂಬದಿ ನೋಡಿ, ಹಳೇ ಹೆಸರನ್ನು ಅಲ್ಲಿ ಎಷ್ಟೋ ಸಲ ಹಾಕಿರುತ್ತಾರೆ.

ಎರಡು, ಕೊನೆಯ ಹಾಳೆ ಇದೆಯಾ? ಪತ್ತೇದಾರಿ ಪುಸ್ತಕದಲ್ಲಿ ಕೊನೆಯ ಹಾಳೆ ಇಲ್ಲ ಅಂದರೆ ಅದು ಒಲೆಗೆ ಹಾಕಲು ಮಾತ್ರ ಲಾಯಕ್ಕು. ಆದರೆ ನೋಡುವ ಭರದಲ್ಲಿ ಒಂದು ಸಾಲು ಓದಿಬಿಟ್ಟರೂ ಕೆಟ್ಟಿತು. ಹೀಗೆ ಮಾಡಿ: ಎಡಗೈಯನ್ನು ಪುಟದ ಮೇಲೆ ಚಪ್ಪಟೆಯಾಗಿ ಇಟ್ಟು ಮುಚ್ಚಿ, ಪುಟ ಸಂಖ್ಯೆ ಮಾತ್ರ ಕಾಣುವ ಹಾಗೆ ಕೊನೆಯ ಇಪ್ಪತ್ತು ಹಾಳೆ ತಿರುವಿ. ನಂಬರು ಬಿಟ್ಟುಹೋಗದೆ ಇದ್ದರೆ ಸರಿ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮೂರು, ಪೆನ್ಸಿಲ್ ಗುರುತು. ಕೆಲವು ಪುಸ್ತಕಗಳ ಮೊದಲಲ್ಲಿ ಪಾತ್ರಗಳ ಪಟ್ಟಿ ಇರುತ್ತದೆ. ಹಿಂದಿನ ಓದುಗ ಮಹಾಶಯರು ಅದರಲ್ಲಿ ಒಂದು ಹೆಸರಿಗೆ ಗೆರೆ ಎಳೆದು "ಇವನೇ!" ಅಂತ ಬರೆದಿಟ್ಟಿರುವುದನ್ನು ನಾನೇ ಕಂಡಿದ್ದೇನೆ. ಪಟ್ಟಿ ಇರುವ ಪುಟವನ್ನು ಅಂಗಡಿಯವರ ಹತ್ತಿರವೇ ನೋಡಿಸಿ.

ಪಿಡಿಎಫ್ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕುಸ್ವಾಮ್ಯ ಇರುತ್ತದೆ. ಕ್ರಿಸ್ಟಿ ತೀರಿಕೊಂಡಿದ್ದು 1976ರಲ್ಲಿ. ಅಂದರೆ 2036ರ ಕೊನೆಯ ತನಕ ಇಲ್ಲಿ ಅವು ಬಿಟ್ಟಿ ಅಲ್ಲ. ಅಮೆರಿಕದಲ್ಲಿ ಮೊದಮೊದಲ ಕೆಲವು ಪುಸ್ತಕಗಳು ಮುಕ್ತವಾಗಿವೆ, ಅದು ಅಲ್ಲಿಯ ಕಾನೂನು. ಕಾಸು ಖರ್ಚಿಲ್ಲದೆಯೇ ಪತ್ತೇದಾರಿ ಓದಬೇಕು ಅಂದರೆ ಷರ್ಲಾಕ್ ಹೋಮ್ಸ್ ಓದಿ. ಕಾನನ್ ಡಾಯ್ಲ್ 1930ರಲ್ಲೇ ತೀರಿಕೊಂಡರು, ಆ ಕಥೆಗಳಿಗೆ ಇಲ್ಲಿ ತಡೆಯಿಲ್ಲ. ಇಲ್ಲವೇ ಗ್ರಂಥಾಲಯದ ಸದಸ್ಯತ್ವ ಮಾಡಿಸಿ.

ಹಂತ 5: ಎಡವುವ ಪದಗಳು

ಇಂಗ್ಲಿಷ್ ಕಷ್ಟ ಆಗುತ್ತಾ? ಪಿಯುಸಿ ಮಟ್ಟದ ಇಂಗ್ಲಿಷ್ ಬಂದರೆ ಸಾಕು. ಅರ್ಧಕ್ಕರ್ಧ ಮಾತುಕತೆಯೇ. ಭಾಷೆಗಿಂತ ಅಲ್ಲಿಯ ಬದುಕಿನ ರೀತಿ ಜಾಸ್ತಿ ಕಾಡುತ್ತದೆ.

'ಇನ್‌ಕ್ವೆಸ್ಟ್' ಅಂದರೆ ಸಾವು ಹೇಗಾಯಿತು ಅನ್ನುವುದನ್ನು ತಿಳಿಯಲು ನಡೆಯುವ ವಿಚಾರಣೆ. ಅದನ್ನು ನಡೆಸುವವನು 'ಕಾರೊನರ್'. ಅದು ಕೊಲೆ ಕೇಸಿನ ಕೋರ್ಟಲ್ಲ. 'ಅಲಿಬಿ' ಅಂದರೆ ಕೊಲೆಯಾದ ಹೊತ್ತಿಗೆ ನಾನು ಬೇರೆ ಕಡೆ ಇದ್ದೆ ಅನ್ನುವುದಕ್ಕೆ ಸಾಕ್ಷಿ. 'ರೆಡ್ ಹೆರಿಂಗ್' ಅಂದರೆ ನಿಮ್ಮ ದಾರಿ ತಪ್ಪಿಸಲೆಂದೇ ಇಟ್ಟ ಸುಳ್ಳು ಸುಳಿವು. 'ಹೂಡನಿಟ್' ಅಂದರೆ 'ಮಾಡಿದ್ದು ಯಾರು' ಅನ್ನುವುದೇ ಪ್ರಶ್ನೆಯಾಗಿರುವ ಕಥೆ. ಇಂಗ್ಲೆಂಡಿನ ಆಗಿನ ದುಡ್ಡಿನ ಲೆಕ್ಕದಲ್ಲಿ 12 ಪೆನ್ಸ್‌ಗೆ ಒಂದು ಶಿಲಿಂಗ್, 20 ಶಿಲಿಂಗ್‌ಗೆ ಒಂದು ಪೌಂಡ್.

ಊಟದ ಹೊತ್ತು ಬಹಳ ಮುಖ್ಯ. ಅವರಿಗೆ 'ಟೀ' ಅಂದರೆ ಬರೀ ಚಾ ಅಲ್ಲ, ಸಂಜೆ ನಾಲ್ಕೂವರೆ ಐದರ ತಿಂಡಿ. 'ಡಿನ್ನರ್'ಗೆ ಎಲ್ಲರೂ ತಮ್ಮ ತಮ್ಮ ಕೋಣೆಗೆ ಹೋಗಿ ಬಟ್ಟೆ ಬದಲಾಯಿಸುತ್ತಾರೆ, ಕೆಳಗೆ ಜಾಗಟೆ ಬಾರಿಸುತ್ತಾರೆ. ಆ ಬಟ್ಟೆ ಬದಲಾಯಿಸುವ ಅರ್ಧ ಗಂಟೆಯಲ್ಲಿ ಪ್ರತಿಯೊಬ್ಬರೂ ಒಂಟಿ. ಏನು ಬೇಕಾದರೂ ಆಗಬಹುದು, ಅಲ್ವಾ?

ಪ್ವಾರೋ ನಡುನಡುವೆ ಫ್ರೆಂಚ್ ಉದುರಿಸುತ್ತಾನೆ. 'ಮೊನ್ ಅಮಿ' ಅಂದರೆ ಗೆಳೆಯಾ. ಉಳಿದದ್ದಕ್ಕೆಲ್ಲ ನಿಘಂಟು ಬೇಡ, ಸುಮ್ನೆ ದಾಟಿಕೊಂಡು ಹೋಗಿ. 'ಕಾರ್ಡ್ಸ್'ನಲ್ಲಿ ಬ್ರಿಡ್ಜ್ ಆಟದ ಲೆಕ್ಕದ ಚೀಟಿಗಳು ಬರುತ್ತವೆ. ಇಪ್ಪತ್ತೆಂಟು ಆಡುವವರಿಗೆ ಕೂಗು, ತುರುಫು ಅಂದರೆ ಏನು ಅಂತ ಗೊತ್ತೇ ಇರುತ್ತದೆ, ಅಷ್ಟು ಸಾಕು. ಅಲ್ಲಿ ಪ್ವಾರೋ ನೋಡುವುದು ಯಾರು ಗೆದ್ದರು ಅಂತಲ್ಲ, ಯಾರು ಹೇಗೆ ಆಡುತ್ತಾರೆ ಅಂತ.

ಇನ್ನೊಂದು ವಿಷಯ. ಹಳೇ ಪುಸ್ತಕಗಳಲ್ಲಿ ಪರದೇಶದವರು, ಯಹೂದಿಗಳು, ಕೆಲಸದವರ ಬಗ್ಗೆ ಹಗುರ ಮಾತುಗಳಿವೆ. ಈಚಿನ ಮುದ್ರಣಗಳಲ್ಲಿ ಕೆಲವನ್ನು ತಿದ್ದಿದ್ದಾರೆ. 'ಹಿಕರಿ ಡಿಕರಿ ಡಾಕ್' (1955) ವಿದ್ಯಾರ್ಥಿಗಳ ಹಾಸ್ಟೆಲಿನ ಕಥೆ. ಅದರಲ್ಲಿ ಬರುವ ಭಾರತೀಯ ಹುಡುಗನ ಚಿತ್ರಣ ನೋಡಿ ನಗಬೇಕೋ ಸಿಟ್ಟಾಗಬೇಕೋ ಗೊತ್ತಾಗುವುದಿಲ್ಲ.

ಹಂತ 6: ನೋಟ್‌ಬುಕ್ ಇಡುವ ಕ್ರಮ

"ಹೆಸರುಗಳೇ ನೆನಪಿರಲ್ಲ" ಅನ್ನುವುದು ಎಲ್ಲರ ದೂರು. 'ಮಲೆಗಳಲ್ಲಿ ಮದುಮಗಳು' ಓದಿ ಅರಗಿಸಿಕೊಂಡವರಿಗೆ ಇದು ಯಾವ ಲೆಕ್ಕ ಸ್ವಾಮಿ? ಅಲ್ಲಿ ಒಂದು ಸೀಮೆಯ ಜನರೇ ಇದ್ದಾರೆ, ಇಲ್ಲಿ ಹತ್ತೋ ಹನ್ನೆರಡೋ. ಆದರೆ ಇಂಗ್ಲಿಷ್ ಹೆಸರುಗಳು ನಮಗೆ ಒಂದೇ ಥರ ಕೇಳಿಸುತ್ತವೆ, ಅದು ನಿಜ. ಹಾಗಾಗಿ ಹೆಸರು ಬಂದ ಕೂಡಲೇ ಪಕ್ಕದಲ್ಲಿ ನಿಮಗೆ ಗೊತ್ತಿರುವ ಸಂಬಂಧ ಬರೆಯಿರಿ. 'ಅಂಕಲ್', 'ಕಸಿನ್' ಅಂತ ಬರೆಯಬೇಡಿ. ಸೋದರಮಾವ, ಚಿಕ್ಕಪ್ಪ, ದೊಡ್ಡಮ್ಮನ ಮಗ ಅಂತ ಬರೆಯಿರಿ. ಆಸ್ತಿ ಯಾರಿಂದ ಯಾರಿಗೆ ಹೋಗುತ್ತದೆ ಅನ್ನುವುದು ಆಗ ತಾನಾಗೇ ಕಾಣುತ್ತದೆ.

ಎಡಪುಟದಲ್ಲಿ, ಯಾರು ಯಾವ ಹೊತ್ತಿನಲ್ಲಿ ಎಲ್ಲಿದ್ದೆ ಅಂತ *ಹೇಳಿದರು* ಅನ್ನುವುದು. 'ಎಲ್ಲಿದ್ದರು' ಅಂತಲ್ಲ, ಎಚ್ಚರ. ಬಲಪುಟದಲ್ಲಿ, ಎಲ್ಲೂ ಹೊಂದದ ಸಣ್ಣ ಸಂಗತಿಗಳು.

ಸುಳಿವು ಅಂದರೆ ಎಂಥದ್ದು ಅಂತ ತೋರಿಸಲು ನಾನೇ ಒಂದು ಹೆಣೆದು ಹೇಳುತ್ತೇನೆ. ಆಶ್ಲೇಷಾ ಮಳೆಯ ರಾತ್ರಿ. ಹೊಸನಗರದ ಕಡೆ ಒಂಟಿಮನೆ, ಹಿಂಬದಿಯ ಕೊಟ್ಟಿಗೆಗೂ ಅಡಿಕೆ ಮನೆಗೂ ತಗಡಿನ ಮಾಡು. ಬೆಳಿಗ್ಗೆ ನೋಡಿದರೆ ಎರಡು ಮೂಟೆ ಅಡಿಕೆ ಇಲ್ಲ. ಅಡಿಕೆ ಮನೆಯಲ್ಲೇ ಮಲಗಿದ್ದ ಆಳು ಹೇಳುತ್ತಾನೆ: "ಹನ್ನೊಂದು ಗಂಟೆ ಆಗಿತ್ತು ಒಡೆಯಾ, ಮಳೆ ಅಂದ್ರೆ ಮಳೆ, ಅಂಗಳದಲ್ಲಿ ಯಾರೋ ಮೆಲ್ಲಗೆ ನಡೆದ ಸದ್ದಾಯ್ತು, ಎದ್ದು ನೋಡೋವಷ್ಟರಲ್ಲಿ ಯಾರೂ ಇಲ್ಲ." ಅದೇ ಹೊತ್ತಿಗೆ ಮನೆಯೊಡೆಯರ ಅಳಿಯನ ಚಪ್ಪಲಿಯಲ್ಲಿ ಕೆಂಪು ಕೆಸರು ಸಿಗುತ್ತದೆ. ಎಲ್ಲರೂ ಅಳಿಯನನ್ನು ದಿಟ್ಟಿಸುತ್ತಾರೆ.

ಕೆಸರು ರೆಡ್ ಹೆರಿಂಗ್. ಆಗಸ್ಟಿನಲ್ಲಿ ನಮ್ಮ ಕಡೆ ಚಪ್ಪಲಿಯಲ್ಲಿ ಕೆಸರಿಲ್ಲದವನು ಯಾರು? ನಿಜವಾದ ಸುಳಿವು ಆಳಿನ ಮಾತಿನಲ್ಲಿದೆ. ತಗಡಿನ ಮಾಡಿನ ಕೆಳಗೆ ಮಲಗಿದವನಿಗೆ ಆ ಮಳೆಯಲ್ಲಿ ಪಕ್ಕದವನು ಕೂಗಿದರೂ ಕೇಳಿಸುವುದಿಲ್ಲ, ಅಂಗಳದಲ್ಲಿ ಮೆಲ್ಲಗೆ ನಡೆದದ್ದು ಕೇಳಿಸಿತಾ? ಅವನು ಸುಳ್ಳು ಹೇಳುತ್ತಿದ್ದಾನೆ, ಇಲ್ಲವೇ ಬೇರೆಲ್ಲೋ ಇದ್ದ. ಕ್ರಿಸ್ಟಿ ಆಡುವ ಆಟ ಇದೇ. ಬೇಕಾದ್ದನ್ನು ಮುಚ್ಚಿಡುವುದಿಲ್ಲ. ಎದುರಿಗೇ ಇಟ್ಟು, ನಿಮ್ಮ ಕಣ್ಣು ಚಪ್ಪಲಿಯ ಮೇಲೆ ಇರುವ ಹಾಗೆ ನೋಡಿಕೊಳ್ಳುತ್ತಾರೆ. ಹಾಗಾಗಿ ಎಲ್ಲರೂ ಗಲಾಟೆ ಮಾಡುವ ಪುಟಗಳಲ್ಲಿ ಪಕ್ಕಕ್ಕೆ ಯಾರು ಏನು ಸುಮ್ನೆ ಹೇಳಿಹೋದರು ಅಂತ ನೋಡಿ, ಬಲಪುಟಕ್ಕೆ ಅದನ್ನು ಹಾಕಿ.

ಇನ್ನೊಂದು ತಪ್ಪು, ಸುಳ್ಳು ಹೇಳಿದವರೆಲ್ಲ ಕೊಲೆಗಾರರು ಅಂದುಕೊಳ್ಳುವುದು. ಪ್ವಾರೋ ಕಥೆಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸುಳ್ಳು ಹೇಳುತ್ತಾರೆ. ಒಬ್ಬ ಸಾಲಕ್ಕೆ, ಒಬ್ಬಳು ಮಾನಕ್ಕೆ, ಇನ್ನೊಬ್ಬ ಹೆಂಡತಿಗೆ ಹೆದರಿ. ನನ್ನ ಈ ಕಥೆಯ ಆಳೂ ಆ ರಾತ್ರಿ ಎಲ್ಲಿಗೋ ಕುಡಿಯಲು ಹೋಗಿದ್ದಿರಬಹುದು, ಅಷ್ಟೇ.

ಹಂತ 7: ನಿಲ್ಲಿಸಿ, ಊಹಿಸಿ

ಇದೊಂದು ಹಂತವನ್ನು ಬಿಟ್ಟರೆ ಉಳಿದದ್ದು ಮಾಡಿಯೂ ಲಾಭವಿಲ್ಲ. ಪ್ವಾರೋ ಎಲ್ಲರನ್ನೂ ಒಂದು ಕೋಣೆಗೆ ಸೇರಿಸುವ ಹೊತ್ತು ಬರುತ್ತದೆ. 250 ಪುಟದ ಪುಸ್ತಕದಲ್ಲಿ ಸುಮಾರಾಗಿ ಕೊನೆಯ ಮೂವತ್ತು ಪುಟ ಬಾಕಿ ಇರುವಾಗ. ಅಲ್ಲಿ ಪುಸ್ತಕ ಮುಚ್ಚಿ. ಯಾರು, ಯಾಕೆ, ಹೇಗೆ ಅಂತ ಮೂರು ಸಾಲು ಬರೆಯಿರಿ, ತಾರೀಕು ಹಾಕಿ. ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕುವಾಗ ಥಟ್ಟನೆ ಹೊಳೆಯುವುದುಂಟು.

"ಯಾರೋ ಒಬ್ಬರು, ಅವನಿರಬೇಕು" ಅಂತ ಬರೆಯುವುದು ಲೆಕ್ಕಕ್ಕಿಲ್ಲ. 'ಹೇಗೆ' ಅನ್ನುವುದಕ್ಕೆ ಉತ್ತರ ಇರಬೇಕು, ಬಲಪುಟದ ಸಂಗತಿಗಳಲ್ಲಿ ಮೂರಾದರೂ ಅದಕ್ಕೆ ಹೊಂದಬೇಕು. ನನ್ನ ನೋಟ್‌ಬುಕ್ ಪ್ರಕಾರ 33ರಲ್ಲಿ ಪೂರ್ತಿ ಸರಿಯಾಗಿ ಹಿಡಿದದ್ದು ಆರು. ನಮ್ಮ ಮಗಳು ಈಗಾಗಲೇ ಏಳು ಹಿಡಿದಿದ್ದಾಳೆ, ಆ ವಿಷಯ ಬಿಡಿ.

ಹಂತ 8: ಒಟ್ಟಿಗೆ ಓದಬೇಡಿ

ಒಂದರ ಹಿಂದೆ ಒಂದು ಐದು ಓದಿದರೆ ಆರನೆಯದರ ಹೊತ್ತಿಗೆ ಲೇಖಕಿಯ ಕೈಚಳಕ ಅಭ್ಯಾಸವಾಗಿಬಿಡುತ್ತದೆ. ಸುಳಿವು ನೋಡಿ ಅಲ್ಲ, "ಇವರು ಯಾವಾಗಲೂ ಹೀಗೇ ಮಾಡೋದು" ಅಂತ ಊಹಿಸಲು ಶುರು ಮಾಡುತ್ತೀರಿ. ತಿಂಗಳಿಗೆ ಎರಡು ಸಾಕು. ನಡುವೆ ಬೇರೆ ಏನಾದರೂ ಓದಿ. ಸತ್ಯಜಿತ್ ರಾಯ್ ಅವರ ಫೆಲೂದಾ ಇದೆ, ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಇದ್ದಾನೆ. ಬಸ್ ಪ್ರಯಾಣಕ್ಕೆ ಪ್ವಾರೋ ಸಣ್ಣಕಥೆಗಳು ಲೇಸು. ತೀರ್ಥಹಳ್ಳಿಯಿಂದ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಎರಡು ಮೂರು ಮುಗಿಯುತ್ತವೆ. 'ದ ಲೇಬರ್ಸ್ ಆಫ್ ಹರ್ಕ್ಯುಲೀಸ್' (1947) ತೆಗೆದುಕೊಳ್ಳಿ, ಹನ್ನೆರಡು ಕಥೆಗಳಿವೆ.

ಎಲ್ಲವೂ ಒಂದೇ ತೂಕದವಲ್ಲ ಅನ್ನುವುದೂ ಗೊತ್ತಿರಲಿ. 'ದ ಬಿಗ್ ಫೋರ್' (1927) ಬಿಡಿ ಕಥೆಗಳನ್ನು ಹೊಲಿದು ಮಾಡಿದ ಕಾದಂಬರಿ. ಹೊಲಿಗೆ ಕಾಣುತ್ತದೆ. 'ಎಲಿಫೆಂಟ್ಸ್ ಕ್ಯಾನ್ ರಿಮೆಂಬರ್' (1972) ಬಂದಾಗ ಕ್ರಿಸ್ಟಿಗೆ 82 ವರ್ಷ. ಯಾರ ವಯಸ್ಸೆಷ್ಟು, ಯಾವುದು ಎಷ್ಟು ವರ್ಷದ ಹಿಂದೆ ಅನ್ನುವುದರಲ್ಲೇ ಗೊಂದಲವಿದೆ. ಇವೆರಡನ್ನು ಮೊದಲು ಓದಿ "ಇಷ್ಟೇನಾ?" ಅಂತ ಬಿಟ್ಟವರು ನನಗೆ ಗೊತ್ತು.

ಹಂತ 9: ಸಿನಿಮಾ, ಟೀವಿ

ಓದಿದ ಮೇಲೆ ನೋಡಿ. ಅಷ್ಟೇ. ಡೇವಿಡ್ ಸೂಷೆ ನಟಿಸಿದ ಟೀವಿ ಸರಣಿ 1989ರಿಂದ 2013ರ ತನಕ ನಡೆಯಿತು, ನನ್ನ ಕಣ್ಣಿಗೆ ಪ್ವಾರೋ ಅಂದರೆ ಅವರೇ. ಕೆಲವು ಕಂತುಗಳಲ್ಲಿ ಕಥೆ ಬದಲಾಯಿಸಿದ್ದಾರೆ, ಅದನ್ನು ನಂಬಿ ವಾದಕ್ಕೆ ಇಳಿಯಬೇಡಿ. 'ಓರಿಯಂಟ್ ಎಕ್ಸ್‌ಪ್ರೆಸ್' ಸಿನಿಮಾ 1974ರದ್ದೂ ಇದೆ, 2017ರದ್ದೂ ಇದೆ. ಮೊದಲಿನದೇ ಚೆಂದ. ಹಾಗೆ ನೋಡಿದರೆ ಕಥೆಯಲ್ಲಿ ರೈಲು ನಿಲ್ಲುವುದು ಹಿಮಕ್ಕೆ, ಆದರೆ ಕ್ರಿಸ್ಟಿ ಸ್ವತಃ 1931ರಲ್ಲಿ ಅದೇ ರೈಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದು ಮಳೆಗೆ. ನೆರೆ ಬಂದು ಹಳಿಯೇ ಕೊಚ್ಚಿಹೋಗಿತ್ತು. ಘಾಟಿಯಲ್ಲಿ ಗುಡ್ಡ ಜರಿದು ಬಸ್ಸಿನಲ್ಲೇ ರಾತ್ರಿ ಕಳೆದ ನಮ್ಮವರಿಗೆ ಆ ಪುಸ್ತಕ ಬೇಗ ಹತ್ತಿರವಾಗುವುದು ಅದಕ್ಕೇ ಇರಬೇಕು. ಹೊರಗೆ ಹೋಗುವ ಹಾಗಿಲ್ಲ, ಪಕ್ಕದ ಸೀಟಿನವರ ಮುಖ ನೋಡುತ್ತಾ ಕೂರಬೇಕು.

ಹಂತ 10: ಬೂಷ್ಟು

ಕೊಂಡ ಪುಸ್ತಕ ಎರಡು ಮಳೆಗಾಲ ಉಳಿಯಬೇಕಲ್ಲ. ಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿಟ್ಟರೆ ಒಳಗಿನ ತೇವ ಒಳಗೇ ಉಳಿದು ಬೂಷ್ಟು ಇನ್ನೂ ಜೋರಾಗುತ್ತದೆ. ಇದು ಎಲ್ಲರೂ ಮಾಡುವ ತಪ್ಪು. ಹೊಸ ಬ್ಯಾಗು, ಶೂ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಕಪಾಟಿನಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮೊದಲು ಗಾಳಿಗೆ ಒಣಗಿಸಿ, ಆಮೇಲೆ ಮನೆಯ ಹೊರಗೆ ಒಣ ಬ್ರಷ್ಷಿನಲ್ಲಿ ಉದುರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಮಳೆ ಹೊಳವಾದ ಮೇಲೆ ನೆರಳಿನಲ್ಲಿ ಬಿಡಿಸಿಟ್ಟು ಗಾಳಿಯಾಡಿಸಿ. ಅಡಿಕೆ ಒಣಗಿಸಿದ ಹಾಗೆ ಬಿಸಿಲಿಗೆ ಹರವಿದರೆ ಹಳೇ ಪೇಪರ್‌ಬ್ಯಾಕಿನ ಬೆನ್ನಿನ ಅಂಟು ಒಣಗಿ ಹಾಳೆಗಳು ಉದುರುತ್ತವೆ. ಮೊದಲು ಉದುರುವುದು ಯಾವುದು ಅಂತೀರಿ? ಕೊನೆಯ ಹಾಳೆ.

ಹಂತ 11: 'ಕರ್ಟನ್'

ಇದು ನಾಲ್ಕನೇ ಗಂಟು. ಕ್ರಿಸ್ಟಿ ಇದನ್ನು ಎರಡನೇ ಮಹಾಯುದ್ಧದ ಕಾಲದಲ್ಲೇ ಬರೆದು ಬೀಗ ಹಾಕಿ ಇಟ್ಟುಬಿಟ್ಟಿದ್ದರು. ಹೊರಗೆ ಬಂದಿದ್ದು 1975ರಲ್ಲಿ, ಅವರು ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳ ಮೊದಲು. ಮೊದಲ ಪುಸ್ತಕ ನಡೆದ ಸ್ಟೈಲ್ಸ್ ಮನೆಗೇ ಪ್ವಾರೋ, ಹೇಸ್ಟಿಂಗ್ಸ್ ಇಬ್ಬರೂ ವಾಪಸ್ ಬರುತ್ತಾರೆ. ಹಾಗಾಗಿ 'ಸ್ಟೈಲ್ಸ್' ಓದದೆ ಇದನ್ನು ಮುಟ್ಟಬೇಡಿ. ನಿಜ ಹೇಳಬೇಕೆಂದರೆ ಇಪ್ಪತ್ತು ಪುಸ್ತಕವಾದರೂ ಓದದೆ ಮುಟ್ಟಬೇಡಿ. ಅದರ ಬಗ್ಗೆ ಇದಕ್ಕಿಂತ ಒಂದಕ್ಷರ ಜಾಸ್ತಿ ಹೇಳುವುದಿಲ್ಲ, ಫೋನ್ ಮಾಡಿ ಕೇಳಿದರೂ ಹೇಳುವುದಿಲ್ಲ. ಸೆಟ್ಟಿನಲ್ಲಿ ಬಂದಿದ್ದರೆ ಇವತ್ತೇ ಅದೊಂದನ್ನು ಬೇರೆ ಮಾಡಿ ಯಾರ ಕೈಗಾದರೂ ಕೊಟ್ಟಿಡಿ.

ನಮ್ಮ ಮನೆಯಲ್ಲಿ ಅದು ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ, ಅಡಿಕೆ ಸೊಸೈಟಿಯ ರಶೀದಿ ಕಟ್ಟುಗಳ ಕೆಳಗಿದೆ. ಎಲ್ಲಿದೆ ಅಂತ ಮಗಳಿಗೆ ಗೊತ್ತು. ಹತ್ತೊಂಬತ್ತನೆಯದು ಓದುತ್ತಿದ್ದಾಳೆ, ಇನ್ನೂ ತೆಗೆದಿಲ್ಲ. ನಾನು ಟ್ರಂಕಿನ ಮೇಲೆ ಒಂದು ದಾರ ಅಡ್ಡ ಇಟ್ಟಿದ್ದೇನೆ, ಅದು ಅಲ್ಲಾಡಿಲ್ಲ.